ಗ್ರ್ಯಾಂಪ್ಸ್ ವಿಮರ್ಶೆ: ಅಜ್ಜಿಯ ಲೆಕ್ಕದ ಪುಸ್ತಕ, ನಮ್ಮ ವಂಶವೃಕ್ಷ

ಗೋಡೆಗೆ ತೂಗುಹಾಕಲು ಚೆಂದದ ಒಂದು ವಂಶವೃಕ್ಷ ಬೇಕು, ಅಷ್ಟಾದರೆ ಸಾಕು ಅನ್ನುವವರು ಗ್ರ್ಯಾಂಪ್ಸ್ ಅನ್ನುವ ವಂಶಾವಳಿ ತಂತ್ರಾಂಶದ ತಂಟೆಗೆ ಹೋಗಬೇಡಿ. ಅದಕ್ಕೆ ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್, ನೆನಪು ಗಟ್ಟಿ ಇರುವ ಒಬ್ಬರು ದೊಡ್ಡಮ್ಮ ಇದ್ದರೆ ಆಯಿತು. ಆದರೆ ಮನೆಯ ಹಿರಿಯರು ಬರೆದಿಟ್ಟ ಕಾಗದ ಕಟ್ಟುಗಟ್ಟಲೆ ಇದೆ, ಅದರೊಳಗೆ ಯಾರ್ಯಾರದೋ ಹೆಸರಿದೆ, ಅವರೆಲ್ಲ ನಮಗೇನಾಗಬೇಕು ಅಂತ ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ ಅನ್ನುವ ಪರಿಸ್ಥಿತಿ ನಿಮ್ಮದಾದರೆ ಮುಂದೆ ಓದಿ. ಈ ತಂತ್ರಾಂಶ ಇರುವುದೇ ಅಂಥವರಿಗೆ.

ನಮ್ಮಜ್ಜಿ, ಅಂದರೆ ಅಮ್ಮನ ಅಮ್ಮ, ಡೈರಿ ಬರೆದವಳಲ್ಲ. ಲೆಕ್ಕ ಬರೆದವಳು. ಬಲಗಡೆ ಪುಟದಲ್ಲಿ ಖರ್ಚು, ಎಡಗಡೆ ಪುಟ ಖಾಲಿ. ಆ ಖಾಲಿ ಪುಟದಲ್ಲಿ ಅವಳಿಗೆ ತೋಚಿದ್ದೆಲ್ಲ ಇದೆ. ಯಾರಿಗೆ ಹೆರಿಗೆಯಾಯಿತು, ಯಾರು ಸಾಲ ಕೇಳಲು ಬಂದಿದ್ದರು, ಯಾವ ಮಗುವಿಗೆ ಜ್ವರ, ತಂಗಿಗೆ ಬರೆಯಬೇಕೆಂದಿದ್ದ ಕಾಗದದ ಕರಡು. ಹೆಚ್ಚಿನದೆಲ್ಲ ಪೆನ್ಸಿಲ್ಲಿನಲ್ಲಿ. ನಡುನಡುವೆ ರಸೀದಿ, ಪೇಪರ್ ಕಟಿಂಗ್, ಗುಂಡುಸೂಜಿ ಚುಚ್ಚಿದ ಚೀಟಿ. ಅವಳು ಹೋದ ಮೇಲೆ ಈ ಪುಸ್ತಕಗಳೆಲ್ಲ ಸೋದರಮಾವನ ಮನೆಯ ಅಟ್ಟ ಸೇರಿದವು. ಅವರು ಮನೆ ಖಾಲಿ ಮಾಡುವಾಗ ನನ್ನನ್ನು ಕರೆದು, "ನೀನೇ ಇಟ್ಕೋಮ್ಮಾ, ನಿಂಗೇ ಈ ಹುಚ್ಚು ಜಾಸ್ತಿ" ಅಂದರು.

ಹುಚ್ಚು ಅಂದದ್ದು ಸುಳ್ಳಲ್ಲ. ನಾನು ಲೆಕ್ಕ ತಪಾಸಣೆಯ ಕೆಲಸದಲ್ಲಿ ತಲೆ ನರೆಸಿಕೊಂಡವಳು. ವೋಚರ್ ಇಲ್ಲದ ಎಂಟ್ರಿ ಕಂಡರೆ ಸುಮ್ಮನಿರಲು ಆಗುವುದಿಲ್ಲ. ನೆಂಟರು ಕಳಿಸುವ ವಂಶವೃಕ್ಷಗಳಲ್ಲಿ ಬರೀ ಎಂಟ್ರಿಗಳೇ ಇರುತ್ತವೆ. ಇಂಥವರ ಮಗ ಇಂಥವರು, ಹುಟ್ಟಿದ್ದು ಇಂಥ ವರ್ಷ. ಯಾರು ಹೇಳಿದ್ದು, ಯಾವ ಕಾಗದದಲ್ಲಿದೆ ಅಂತ ಕೇಳಿದರೆ "ಹಿಂದಿನಿಂದ ಹಾಗೇ ಇದೆಯಲ್ಲ" ಅನ್ನುವ ಉತ್ತರ. ಗ್ರ್ಯಾಂಪ್ಸ್ ನನಗೆ ಹಿಡಿಸಿದ್ದು ಇಲ್ಲೇ. ಪ್ರತಿಯೊಂದು ಹೆಸರಿಗೂ, ತಾರೀಕಿಗೂ, ಸಂಬಂಧಕ್ಕೂ ಅದರ ವೋಚರ್ ಕಟ್ಟಿಡಲು ಅದರಲ್ಲಿ ಜಾಗವಿದೆ.

ಇದಕ್ಕೂ ಮುಂಚೆ ಬೇರೆ ಎರಡು ದಾರಿ ನೋಡಿದ್ದೆ. ಒಂದು, ಸ್ಕ್ಯಾನ್ ಮಾಡಿಕೊಡುವ ಅಂಗಡಿ. ಅವರು ಯಂತ್ರಕ್ಕೆ ಹಾಳೆ ಉಣಿಸುವ ಅನುಕೂಲಕ್ಕೆ ಒಂದು ಪುಸ್ತಕದ ಹೊಲಿಗೆಯನ್ನೇ ಬಿಚ್ಚಿಬಿಟ್ಟರು. ಮೇಲೆ ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರಿಂದ ಪೆನ್ಸಿಲ್ ಬರಹ ಅರ್ಧಕ್ಕರ್ಧ ಮಾಯ. ಕೇಳಿದರೆ "ಒರಿಜಿನಲ್ಲೇ ಹಾಗಿದೆ ಮೇಡಂ" ಅಂದರು. ಇನ್ನೊಂದು, ಚಂದಾ ಕಟ್ಟುವ ಒಂದು ವಂಶವೃಕ್ಷ ಜಾಲತಾಣ. ನೋಡಲು ಬಲು ಚೆಂದ. ಚಂದಾ ಮುಗಿದ ಮೇಲೆ ನಾನೇ ತುಂಬಿದ ಮರದ ಕೆಲವು ಕೊಂಬೆಗಳಿಗೆ ಬೀಗ ಬಿತ್ತು. ನಮ್ಮಜ್ಜಿಯ ಬರಹ ನೋಡಲು ಇನ್ನೊಬ್ಬರ ಅಪ್ಪಣೆ ಯಾಕೆ ಬೇಕು ಅಲ್ವಾ?

ಗ್ರ್ಯಾಂಪ್ಸ್ ಇದಕ್ಕೆ ತದ್ವಿರುದ್ಧ. 2001ರಲ್ಲಿ ಡಾನ್ ಆಲಿಂಗ್‌ಹ್ಯಾಮ್ ಶುರುಮಾಡಿದ ಮುಕ್ತ ತಂತ್ರಾಂಶ ಇದು. ಈಗ ಲೋಕದ ನಾನಾ ಕಡೆಯ ಸ್ವಯಂಸೇವಕರು ಸೇರಿ ನಡೆಸುತ್ತಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಖಾತೆ ತೆರೆಯಬೇಕಾಗಿಲ್ಲ. ನೀವು ತುಂಬಿದ್ದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ನಕ್ಷೆ ನೋಡಬೇಕಾದಾಗ ಬಿಟ್ಟರೆ ಇಂಟರ್ನೆಟ್ಟಿನ ಹಂಗೂ ಹೆಚ್ಚಿಲ್ಲ. ಮೆನುಗಳನ್ನು ನಾನು ಇಂಗ್ಲಿಷಿನಲ್ಲೇ ಬಳಸಿದೆ, ಒಳಗೆ ತುಂಬಿದ್ದೆಲ್ಲ ಕನ್ನಡ. ಹೆಸರು, ಟಿಪ್ಪಣಿ, ಊರು ಎಲ್ಲವೂ ಕನ್ನಡ ಲಿಪಿಯಲ್ಲಿ ಸರಿಯಾಗಿ ಕೂತವು. ಪಿಡಿಎಫ್ ತೆಗೆದಾಗ ಒತ್ತಕ್ಷರಗಳೂ ನೆಟ್ಟಗೇ ಬಂದವು. ಹಳೇ ತಂತ್ರಾಂಶಗಳಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಬಿದ್ದಿದ್ದನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ ಅಂತ ಗೊತ್ತು.

ಈಗ ಒಳಗೆ ಹೋಗೋಣ. ಎಡಗಡೆ ಸಾಲಾಗಿ ವಿಭಾಗಗಳು: ಪೀಪಲ್, ಫ್ಯಾಮಿಲೀಸ್, ಈವೆಂಟ್ಸ್, ಪ್ಲೇಸಸ್, ಸೋರ್ಸಸ್, ಸೈಟೇಶನ್ಸ್, ರೆಪಾಸಿಟರೀಸ್, ಮೀಡಿಯಾ, ನೋಟ್ಸ್. ಮೊದಲ ಸಲ ನೋಡಿದಾಗ ಇಷ್ಟೊಂದು ಯಾಕಪ್ಪಾ ಅನ್ನಿಸುತ್ತದೆ. ಹಿಂದಿನ ಲೆಕ್ಕಾಚಾರ ಅರ್ಥವಾದರೆ ಸುಲಭ. ಅಜ್ಜಿಯ ಒಂದು ನೋಟ್‌ಬುಕ್ ಒಂದು ಸೋರ್ಸ್. ಅದರ ಇಂಥ ಪುಟದ ಇಂಥ ಸಾಲು ಒಂದು ಸೈಟೇಶನ್. ಆ ನೋಟ್‌ಬುಕ್ ಈಗ ಯಾರ ಮನೆಯಲ್ಲಿ, ಯಾವ ಪೆಟ್ಟಿಗೆಯಲ್ಲಿದೆ ಅನ್ನುವುದು ರೆಪಾಸಿಟರಿ. ರೆಪಾಸಿಟರಿ ಎಂಥದ್ದು ಅಂತ ಆರಿಸಲು ಒಂದು ಪಟ್ಟಿ ಕೊಡುತ್ತಾರೆ. ಗ್ರಂಥಾಲಯ, ಪತ್ರಾಗಾರ, ಆಲ್ಬಮ್, ಹೀಗೆ. ತಿಜೋರಿ ಕೂಡ ಇದೆ! ಬೀರು ಇಲ್ಲ. ಪರವಾಗಿಲ್ಲ, ನಮಗೆ ಬೇಕಾದ್ದನ್ನು ನಾವೇ ಟೈಪ್ ಮಾಡಿ ಸೇರಿಸಬಹುದು. ನಮ್ಮ ಮನೆಯ ಕಾಗದಗಳ ಅಧಿಕೃತ ರೆಪಾಸಿಟರಿ ಈಗ "ದೊಡ್ಡಮ್ಮನ ಬೀರು, ಕೆಳಗಿನ ಅರೆ".

ಒಂದು ಉದಾಹರಣೆ ಹೇಳುತ್ತೇನೆ. ಎರಡನೇ ಮಾವ ಹುಟ್ಟಿದ ದಿನ. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ವರ್ಷ, ಅಜ್ಜಿಯ ಪುಸ್ತಕದಲ್ಲಿ ಅದಕ್ಕಿಂತ ಹಿಂದಿನ ವರ್ಷ. ಪುಸ್ತಕದ ಎಡಪುಟದಲ್ಲಿ ಹೀಗಿದೆ: "ಮಳೆ ನಿಂತಿಲ್ಲ. ಬೆಳಗಿನ ಜಾವ ಗಂಡು. ಇಬ್ಬರೂ ಆರಾಮ." ಅದೇ ದಿನದ ಬಲಪುಟದಲ್ಲಿ ಸೂಲಗಿತ್ತಿಗೆ ಕೊಟ್ಟ ದುಡ್ಡಿನ ಲೆಕ್ಕ. ಎಷ್ಟೋ ವರ್ಷದ ಮೇಲೆ ನೆನಪಿನಿಂದ ಬರೆದದ್ದಲ್ಲ ಇದು, ಆ ದಿನವೇ ಬರೆದದ್ದು. ಬೇರೆ ಕೆಲವು ಕಡೆಯಾದರೆ ಒಂದೇ ತಾರೀಕು ಹಾಕಿ ಇನ್ನೊಂದನ್ನು ಬಿಡಬೇಕು. ಗ್ರ್ಯಾಂಪ್ಸ್‌ನಲ್ಲಿ ಎರಡೂ ಇರುತ್ತವೆ. ಒಂದಕ್ಕೆ ಸರ್ಟಿಫಿಕೇಟ್ ಸಾಕ್ಷಿ, ಇನ್ನೊಂದಕ್ಕೆ ಅಜ್ಜಿಯ ಪುಟ ಸಾಕ್ಷಿ. ಪ್ರತಿ ಸಾಕ್ಷಿಯ ಮೇಲೆ ನಮಗೆ ಎಷ್ಟು ನಂಬಿಕೆ ಅನ್ನುವುದಕ್ಕೆ ಐದು ಹಂತಗಳಿವೆ, ತೀರಾ ಕಡಿಮೆಯಿಂದ ತೀರಾ ಹೆಚ್ಚಿನವರೆಗೆ. ನಾನು ಅಜ್ಜಿಗೆ ಮೇಲಿನ ಹಂತ ಕೊಟ್ಟೆ, ಶಾಲೆಗೆ ಕೆಳಗಿನದು. ಮಾವನಿಗೆ ಹೇಳಿದಾಗ "ಹಾಗಾದ್ರೆ ನಾನು ಒಂದು ವರ್ಷ ಪುಕ್ಕಟೆ ನೌಕರಿ ಮಾಡ್ದೆ ಅನ್ನು" ಅಂತ ನಕ್ಕರು. ಸರ್ಕಾರಿ ಕಡತದಲ್ಲಿ ಅವರು ಬದಲಾಗುವುದಿಲ್ಲ, ಆ ಮಾತು ಬೇರೆ.

ತಾರೀಕಿನ ವಿಷಯದಲ್ಲಿ ಈ ತಂತ್ರಾಂಶ ತುಂಬಾ ಸಹನೆಯದ್ದು. ನಿಖರ ದಿನವೇ ಬೇಕು ಅಂತ ಹಟ ಹಿಡಿಯುವುದಿಲ್ಲ. ಸುಮಾರು, ಇಂಥ ದಿನಕ್ಕೆ ಮೊದಲು, ಇಂಥ ದಿನದ ನಂತರ, ಇವೆರಡರ ನಡುವೆ, ಅಂದಾಜು, ಲೆಕ್ಕ ಹಾಕಿ ತೆಗೆದದ್ದು, ಎಲ್ಲಕ್ಕೂ ಬೇರೆ ಬೇರೆ ಗುರುತಿದೆ. ಜೂಲಿಯನ್, ಇಸ್ಲಾಮಿ, ಯಹೂದಿ, ಪರ್ಷಿಯನ್ ಪಂಚಾಂಗಗಳನ್ನೂ ತಿಳಿಯುತ್ತದೆ. ಫ್ರೆಂಚ್ ಕ್ರಾಂತಿಯ ಕಾಲದ ಪಂಚಾಂಗ ಕೂಡ! ಇಂಗ್ಲೆಂಡಿನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು. ಪಂಚಾಂಗ ಬದಲಿಸಿದ್ದರಿಂದ ನಡುವಿನ 11 ದಿನಗಳೇ ಇಲ್ಲ. ಅಂಥ ಹಳೇ ದಾಖಲೆ ಕೆದಕುವವರಿಗೆ ಇದೆಲ್ಲ ಬೇಕೇ ಬೇಕು. ನನಗೆ ಬೇಕಾದದ್ದು "ಇವೆರಡರ ನಡುವೆ" ಅನ್ನುವುದೊಂದೇ. ಅದೂ ಒಂದು ಹೆಸರಿಗಾಗಿ.

ಒಂದು ನೋಟ್‌ಬುಕ್ಕಿನಲ್ಲಿ "ಚಿಕ್ಕಿ" ಅಂತ ಹೆಸರು ಬರುತ್ತದೆ. "ಚಿಕ್ಕಿಗೆ ಜ್ವರ." "ಚಿಕ್ಕಿ ರಾತ್ರಿಯೆಲ್ಲ ಮಲಗಲಿಲ್ಲ." "ಚಿಕ್ಕಿಗೆ ಔಷಧಿ", ಬಲಪುಟದಲ್ಲಿ ಅದರ ಖರ್ಚು. ಆಮೇಲೆ ಆ ಹೆಸರೇ ಇಲ್ಲ. ಮನೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಪಕ್ಕದ ಮನೆಯ ಮಗುವೇನೋ ಅಂದರು ಒಬ್ಬರು. ಕರುವಿನ ಹೆಸರಿರಬೇಕು ಅಂದರು ಇನ್ನೊಬ್ಬರು. ಗ್ರ್ಯಾಂಪ್ಸ್‌ನಲ್ಲಿ ಅಪ್ಪ-ಅಮ್ಮ ಯಾರೂ ಇಲ್ಲದೆ, ಯಾವ ಕುಟುಂಬಕ್ಕೂ ಸೇರಿಸದೆ ಒಬ್ಬ ವ್ಯಕ್ತಿಯನ್ನು ಸುಮ್ನೆ ಹಾಗೇ ಇಡಬಹುದು. ಚಿಕ್ಕಿಯನ್ನು ಹಾಗೇ ಇಟ್ಟೆ. ಅವಳ ಹೆಸರಿರುವ ಪುಟಗಳನ್ನೆಲ್ಲ ಅವಳಿಗೆ ಕಟ್ಟಿದೆ. ಬೇರೆ ನೋಟ್‌ಬುಕ್ ಟೈಪ್ ಮಾಡುವಾಗ ತಂಗಿಗೆ ಬರೆದ ಕಾಗದದ ಕರಡು ಸಿಕ್ಕಿತು. ಅದರಲ್ಲಿ ಒಂದು ಸಾಲು: "ಚಿಕ್ಕಿ ಹೋದ ಮೇಲೆ ತೊಟ್ಟಿಲು ಅಟ್ಟಕ್ಕೆ ಹಾಕಿಸಿದೆ, ನೀನು ಬೇಕಾದರೆ ತರಿಸಿಕೋ." ಕೆಳಗೆ ಇನ್ನೊಂದು ಸಾಲಿದೆ. ಅದನ್ನು ಗೀಚಿ ಹಾಕಿದ್ದಾಳೆ. ಓದಲು ಬರುವುದಿಲ್ಲ.

ದೊಡ್ಡಮ್ಮನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ನಂಗಿಂತ ಮೊದ್ಲು ಒಂದು ಇತ್ತು ಅಂತ ಯಾರೋ ಅಂದಿದ್ರು. ಅಮ್ಮ ಮಾತ್ರ ಬಾಯಿ ಬಿಟ್ಟಿರ್ಲಿಲ್ಲ" ಅಂದರು. ಈಗ ಚಿಕ್ಕಿ ನಮ್ಮ ಮರದಲ್ಲಿ ಮೊದಲನೇ ಮಗಳು. ಹುಟ್ಟು ಅಂದಾಜು. ಸಾವು ಕೊನೆಯ ಔಷಧಿ ಲೆಕ್ಕದ ದಿನಕ್ಕೂ ಕಾಗದದ ಕರಡಿನ ದಿನಕ್ಕೂ ನಡುವೆ. ಸಾಕ್ಷಿ ಎರಡು ಪುಸ್ತಕ, ಒಬ್ಬರು ದೊಡ್ಡಮ್ಮ. ದೊಡ್ಡಮ್ಮ ಹೇಳಿದ್ದನ್ನೂ ಒಂದು ಸೋರ್ಸ್ ಅಂತಲೇ ಬರೆದಿದ್ದೇನೆ, ಹೇಳಿದ ದಿನದ ಸಮೇತ. ಬಾಯಿಮಾತೂ ದಾಖಲೆಯೇ. ಯಾರ ಬಾಯಿ, ಅವರಿಗೆ ಹೇಗೆ ಗೊತ್ತು ಅನ್ನುವುದನ್ನು ಬರೆದಿಡಬೇಕು ಅಷ್ಟೇ.

ಊರುಗಳ ಬಗ್ಗೆಯೂ ಇಂಥದ್ದೇ ಒಂದು ಜಾಣತನವಿದೆ. ಊರಿನ ಹೆಸರು ಬದಲಾಗುತ್ತದೆ, ಗಡಿ ಬದಲಾಗುತ್ತದೆ. ಸೇಂಟ್ ಪೀಟರ್ಸ್‌ಬರ್ಗ್ 1914ರಲ್ಲಿ ಪೆಟ್ರೋಗ್ರಾಡ್ ಆಯಿತು, 1924ರಲ್ಲಿ ಲೆನಿನ್‌ಗ್ರಾಡ್, 1991ರಲ್ಲಿ ಮತ್ತೆ ಹಳೇ ಹೆಸರು. ಒಂದೇ ಊರಿಗೆ ಯಾವ ಕಾಲದಲ್ಲಿ ಯಾವ ಹೆಸರು, ಯಾವ ಕಾಲದಲ್ಲಿ ಯಾವ ಆಡಳಿತಕ್ಕೆ ಸೇರಿತ್ತು ಅಂತ ಇಲ್ಲಿ ತಾರೀಕಿನ ಸಮೇತ ಬರೆಯಬಹುದು. ಹುಡುಕಾಟಕ್ಕೆ ಇದು ಬಹಳ ಮುಖ್ಯ. ದಾಖಲೆ ಇರುವುದು ಆಗಿನ ಆಡಳಿತದ ಹೆಸರಲ್ಲಿ, ನಾವು ಹುಡುಕುವುದು ಈಗಿನ ಹೆಸರಲ್ಲಿ.

ಸ್ಕ್ಯಾನ್ ಮಾಡಿದ ಪುಟಗಳನ್ನು ಮೀಡಿಯಾ ಅನ್ನುವ ಕಡೆ ಸೇರಿಸುತ್ತೇವೆ. ಒಂದು ಪುಟದ ಚಿತ್ರದ ಮೇಲೆ ಮೌಸ್ ಎಳೆದು, ನಮಗೆ ಬೇಕಾದ ಮೂರು ಸಾಲಿಗೆ ಮಾತ್ರ ಚೌಕ ಹಾಕಿ ಅದನ್ನು ಸೈಟೇಶನ್ನಿಗೆ ಅಂಟಿಸಬಹುದು. ಗುಂಪು ಫೋಟೋದಲ್ಲೂ ಹೀಗೇ, ಒಂದೊಂದು ಮುಖಕ್ಕೆ ಒಂದೊಂದು ಚೌಕ. ಪುಟದ ಪಠ್ಯ ಟೈಪ್ ಮಾಡಿ ಇಡಲು ನೋಟ್ಸ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್ ಅನ್ನುವ ಬಗೆಯೇ ಬೇರೆ ಇದೆ. ಆ ಪಠ್ಯದಲ್ಲಿ ಬರುವ ಹೆಸರನ್ನು ಆಯಾ ವ್ಯಕ್ತಿಗೆ ಕೊಂಡಿ ಹಾಕಬಹುದು. ಕ್ಲಿಕ್ ಮಾಡಿದರೆ ನೇರ ಅವರ ಪುಟಕ್ಕೆ. ರಕ್ತಸಂಬಂಧ ಇಲ್ಲದವರಿಗೂ ಜಾಗವಿದೆ. ಅಜ್ಜಿಗೆ ಆಗಾಗ ಸಾಲ ಕೊಟ್ಟ ಪಕ್ಕದ ಮನೆಯಾಕೆ ಈಗ ಅಸೋಸಿಯೇಶನ್ ಅನ್ನುವ ಅಂಕಣದಲ್ಲಿ ಅಜ್ಜಿಯ ಜೊತೆಗಿದ್ದಾಳೆ. ಆ ಪುಸ್ತಕಗಳಲ್ಲಿ ಅಜ್ಜನಿಗಿಂತ ಅವಳ ಹೆಸರೇ ಜಾಸ್ತಿ!

ಒಂದು ಎಚ್ಚರಿಕೆ. ಗ್ರ್ಯಾಂಪ್ಸ್ ಚಿತ್ರಗಳನ್ನು ತನ್ನೊಳಗೆ ನುಂಗಿಕೊಳ್ಳುವುದಿಲ್ಲ. ಚಿತ್ರ ಎಲ್ಲಿದೆ ಅನ್ನುವ ದಾರಿಯನ್ನಷ್ಟೇ ನೆನಪಿಡುತ್ತದೆ. ಆದ್ದರಿಂದ ಮೊದಲೇ ಒಂದು ಫೋಲ್ಡರ್ ಮಾಡಿ, ಅದನ್ನೇ ಮೂಲ ಜಾಗ ಅಂತ ಪ್ರಿಫರೆನ್ಸಸ್‌ನಲ್ಲಿ ಗುರುತಿಸಿ, ಕಡತಗಳಿಗೆ ನೋಟ್‌ಬುಕ್ ಸಂಖ್ಯೆ, ಪುಟ ಸಂಖ್ಯೆ ಇರುವ ಹೆಸರಿಟ್ಟು ಆಮೇಲೆ ಕೆಲಸ ಶುರುಮಾಡಿ. ನಡುವೆ ಫೋಲ್ಡರ್ ಬದಲಿಸಿದರೆ ಎಲ್ಲ ಕೊಂಡಿಗಳನ್ನೂ ಮತ್ತೆ ಸರಿಪಡಿಸಬೇಕು. ಅದಕ್ಕೂ ಒಂದು ಸಾಧನ ಒಳಗೇ ಇದೆ, ಆದರೂ ಆ ಗೋಜು ಯಾಕೆ.

ಸ್ಕ್ಯಾನ್ ಹೇಗೆ ಮಾಡಿದೆ ಅಂತ ಕೆಲವರು ಕೇಳಿದ್ದಾರೆ. ಪೆನ್ಸಿಲ್ ಬರಹಕ್ಕೆ ಬಣ್ಣದ ಸ್ಕ್ಯಾನೇ ಬೇಕು, ಕಪ್ಪು-ಬಿಳುಪು ಖಂಡಿತ ಬೇಡ. 400 ಡಿಪಿಐ, ಅಂದರೆ ಅಂಗುಲಕ್ಕೆ 400 ಚುಕ್ಕಿ, ಇಟ್ಟೆ, ಸಣ್ಣ ಫೋಟೋಗಳಿಗೆ 600. ಮೂಲಪ್ರತಿ ವಿವರ ಕಳೆಯದ ಟಿಫ್ ಕಡತ, ಗ್ರ್ಯಾಂಪ್ಸ್‌ಗೆ ಸೇರಿಸಲು ಅದರದ್ದೇ ಚಿಕ್ಕ ಜೆಪೆಗ್ ಕಡತ. ಪೂರ್ತಿ ಬಿಚ್ಚಿದರೆ ಬೆನ್ನು ಮುರಿಯುವಂಥ ಪುಸ್ತಕಗಳನ್ನು ಸ್ಕ್ಯಾನರಿಗೆ ಒತ್ತಲಿಲ್ಲ. ಮೇಜಿನ ಮೇಲೆ ಅರ್ಧ ತೆರೆದಿಟ್ಟು, ಎರಡೂ ಕಡೆಯಿಂದ ಓರೆಯಾಗಿ ಬೆಳಕು ಬಿಟ್ಟು, ಮೇಲಿನಿಂದ ಮೊಬೈಲಿನಲ್ಲಿ ತೆಗೆದೆ. ಖಾಲಿ ಪುಟಗಳನ್ನೂ ಬಿಡಲಿಲ್ಲ. ಇದು ಖಾಲಿ ಪುಟವೋ ಬಿಟ್ಟುಹೋದ ಪುಟವೋ ಅನ್ನುವ ಅನುಮಾನ ಮುಂದೆ ಯಾರಿಗೂ ಬರಬಾರದು.

ಟೈಪ್ ಮಾಡುವ ಕೆಲಸ ಮಾತ್ರ ಮೈಮುರಿಯುವಂಥದ್ದು. ಇದಕ್ಕೆ ಗ್ರ್ಯಾಂಪ್ಸ್ ಕೈಲಿ ಏನೂ ಆಗದು. ಮುದ್ರಿತ ಕನ್ನಡದ ಚಿತ್ರ ಓದಿ ಪಠ್ಯವಾಗಿಸಲು ಟೆಸರ‍್ಯಾಕ್ಟ್‌ನಂಥ ಸಾಧನಗಳಿವೆ. ಕೈಬರಹದ ಕಥೆ ಬೇರೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಬೆಳೆದ ಟ್ರಾನ್ಸ್‌ಕ್ರಿಬಸ್ ಅನ್ನುವ ಸೇವೆಗೆ ಒಬ್ಬರ ಕೈಬರಹವನ್ನು ಕಲಿಸಬಹುದು. ಆದರೆ ಕಲಿಸಲು ಮೊದಲು ನಾವೇ 5,000ದಿಂದ 15,000 ಪದಗಳಷ್ಟು ಓದಿ ಟೈಪ್ ಮಾಡಿಕೊಡಬೇಕು. ಪುಟದ ಲೆಕ್ಕದಲ್ಲಿ 25ರಿಂದ 75. ನೂರಾರು ಪುಟಗಳ ಒಂದೇ ಕೈಬರಹ ಇರುವವರಿಗೆ ಅದು ಲಾಭ. ನಾನು ಬೇರೆ ದಾರಿ ಹಿಡಿದೆ. ಪುಟ ನೋಡುತ್ತಾ ಜೋರಾಗಿ ಓದುವುದು, ಮೊಬೈಲಿನ ಕನ್ನಡ ಧ್ವನಿ ಟೈಪಿಂಗ್ ಬರೆದುಕೊಳ್ಳುವುದು, ಆಮೇಲೆ ಮೂಲದ ಪಕ್ಕದಲ್ಲಿಟ್ಟು ತಿದ್ದುವುದು. ಜೋರಾಗಿ ಓದಿದ್ದರಿಂದ ಇನ್ನೊಂದು ಉಪಕಾರವಾಯಿತು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿಸಿ, ನನಗೆ ತಿಳಿಯದ ಅಡ್ಡಹೆಸರುಗಳನ್ನೆಲ್ಲ ಅಲ್ಲಿಂದಲೇ ಕೂಗಿ ಹೇಳಿದಳು. ಅಜ್ಜಿ ಹೇಗೆ ಬರೆದಿದ್ದಾಳೋ ಹಾಗೇ ಟೈಪ್ ಮಾಡಿದ್ದೇನೆ, ಕಾಗುಣಿತ ತಿದ್ದಿಲ್ಲ. ಓದಲಾಗದ ಕಡೆ ಚೌಕ ಕಂಸ. ನನ್ನ ಊಹೆ ಏನಿದ್ದರೂ ಬೇರೆ ನೋಟ್‌ನಲ್ಲಿ. ಅವಳ ಮಾತಿಗೂ ನನ್ನ ಮಾತಿಗೂ ನಡುವೆ ಗೆರೆ ಇರಲೇಬೇಕು.

ಕಾಗದದ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಸ್ಕ್ಯಾನ್ ಆಯಿತಲ್ಲ ಅಂತ ಮೂಲವನ್ನು ಮೂಲೆಗೆ ಎಸೆಯುವವರಿದ್ದಾರೆ. ಒಂದು ಪುಸ್ತಕದಲ್ಲಿ ಅಜ್ಜಿ ಇಟ್ಟಿದ್ದ ಪೇಪರ್ ಕಟಿಂಗ್ ತೆಗೆದಾಗ ಅದರ ಎರಡೂ ಬದಿಯ ಪುಟಗಳಲ್ಲಿ ಅದೇ ಅಳತೆಯ ಕಂದು ಚೌಕ ಮೂಡಿತ್ತು, ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಹಾಗೆ. ಸುದ್ದಿಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಅದು ಹಳತಾದಂತೆ ಆಮ್ಲ ಬಿಡುತ್ತದೆ, ಆ ಆಮ್ಲ ಪಕ್ಕದ ಹಾಳೆಗೂ ದಾಟುತ್ತದೆ. ಆದ್ದರಿಂದ ಕಟಿಂಗ್‌ಗಳನ್ನು ಬೇರೆ ತೆಗೆದು ಆಮ್ಲರಹಿತ ಕಾಗದದ ನಡುವೆ ಇಟ್ಟೆ. ಯಾವ ಪುಟದಲ್ಲಿತ್ತು ಅಂತ ಮಾತ್ರ ಮೊದಲೇ ಫೋಟೋ ತೆಗೆದು ಬರೆದಿಟ್ಟೆ. ಗುಂಡುಸೂಜಿ ತುಕ್ಕು ಹಿಡಿದು ಹಾಳೆಯನ್ನೇ ತಿನ್ನುತ್ತದೆ, ನಿಧಾನಕ್ಕೆ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಒಳಗಿಳಿಯುತ್ತದೆ. ಲ್ಯಾಮಿನೇಶನ್ನಂತೂ ಬೇಡವೇ ಬೇಡ, ಬಿಸಿ ಮಾಡಿ ಅಂಟಿಸಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಕವರ್ ಬೇಕೇ ಬೇಕು ಅಂದರೆ ಪಿವಿಸಿ ಬಿಟ್ಟು ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ತಗೊಳ್ಳಿ. ಕಾಗದಕ್ಕೆ ಕೈಗವಸೂ ಬೇಕಿಲ್ಲ. ಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುವ ಅಪಾಯವೇ ಹೆಚ್ಚು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಫೋಟೋಗಳಿಗೆ ಮಾತ್ರ ಗವಸು ಹಾಕಿ.

ಇನ್ನು ಹೋಲಿಕೆ. ಉಚಿತವಾಗಿ ಸಿಗುವುದರಲ್ಲಿ ದೊಡ್ಡ ಹೆಸರು ಫ್ಯಾಮಿಲಿಸರ್ಚ್ ಅನ್ನುವ ಜಾಲತಾಣ. ಅದರ ಬೇರು 1894ರಲ್ಲಿ ಅಮೆರಿಕದ ಯೂಟಾದಲ್ಲಿ ಶುರುವಾದ ವಂಶಾವಳಿ ಸಂಘದಲ್ಲಿದೆ. 1938ರಿಂದ ಅವರು ನಾನಾ ದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ, ಅಂದರೆ ಫಿಲ್ಮ್ ಸುರುಳಿಗಳಲ್ಲಿ ಪುಟ್ಟದಾಗಿ ಫೋಟೋ ತೆಗೆದಿಡುತ್ತಾ ಬಂದರು. ಸುಮಾರು 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ. ಹೊರಗಿನ ದಾಖಲೆ ಹುಡುಕಲು ಅದಕ್ಕೆ ಸಾಟಿಯಿಲ್ಲ. ಗ್ರ್ಯಾಂಪ್ಸ್‌ನ ಬಳಿ ಅಂಥ ದಾಖಲೆಗಳ ಭಂಡಾರವೇ ಇಲ್ಲ, ಅದು ಬರೀ ಕಪಾಟು. ಆದರೆ ಫ್ಯಾಮಿಲಿಸರ್ಚ್‌ನ ಮರ ಲೋಕಕ್ಕೆಲ್ಲ ಸೇರಿ ಒಂದೇ. ತೀರಿಹೋದವರ ಮಾಹಿತಿಯನ್ನು ಯಾರು ಬೇಕಾದರೂ ತಿದ್ದಬಹುದು. ದೂರದ ನೆಂಟರು ಸಿಗುವುದು ಅದರಿಂದಲೇ, ತಲೆನೋವು ಬರುವುದೂ ಅದರಿಂದಲೇ. ನಾನು ಅಲ್ಲಿ ಹುಡುಕುತ್ತೇನೆ, ಇಲ್ಲಿ ಇಡುತ್ತೇನೆ.

ಗುಟ್ಟಿನ ವಿಷಯಕ್ಕೆ ಬಂದರೆ, ಯಾವ ಮನೆಯ ಹಳೇ ಕಾಗದದಲ್ಲೂ ಎಲ್ಲರಿಗೂ ತೋರಿಸಲಾಗದ್ದು ನಾಲ್ಕು ಪುಟ ಇದ್ದೇ ಇರುತ್ತದೆ. ನಮ್ಮಲ್ಲಿ ಆಸ್ತಿ ಜಗಳದ ಪುಟಗಳಿವೆ. ಅದರಲ್ಲಿ ಬೈಸಿಕೊಂಡವರ ಮಕ್ಕಳು ಇನ್ನೂ ಇದ್ದಾರೆ, ನಮ್ಮ ಜೊತೆ ಚೆನ್ನಾಗಿಯೂ ಇದ್ದಾರೆ. ಅಂಥ ಪುಟ ಹರಿದುಹಾಕು ಅಂತ ಒಬ್ಬರು ಸಲಹೆ ಕೊಟ್ಟರು. ಹರಿಯುವ ಅಗತ್ಯವೇ ಇಲ್ಲ. ಗ್ರ್ಯಾಂಪ್ಸ್‌ನಲ್ಲಿ ಪ್ರತಿ ದಾಖಲೆಗೂ ಒಂದು ಪುಟ್ಟ ಬೀಗದ ಗುರುತಿದೆ. ಒತ್ತಿದರೆ ಅದು ಖಾಸಗಿ. ಬೇರೆಯವರಿಗೆ ಕಡತ ಕಳಿಸುವಾಗ ಖಾಸಗಿಯದ್ದನ್ನೂ ಬದುಕಿರುವವರ ವಿವರವನ್ನೂ ಬಿಟ್ಟು ಕಳಿಸು ಅಂತ ಹೇಳಬಹುದು. ಸಾವಿನ ದಿನ ಗೊತ್ತಿಲ್ಲದವರು ಬದುಕಿರಬಹುದೇ ಅಂತ ಅದೇ ಲೆಕ್ಕ ಹಾಕುತ್ತದೆ, 110 ವರ್ಷ ಅದರ ಮಿತಿ.

ಬೇಸರದ ಸಂಗತಿಗಳೂ ಇವೆ. ನೋಟ ಹಳೇ ಕಾಲದ್ದು. ಒಂದು ಹುಟ್ಟಿದ ದಿನ ಸಾಕ್ಷಿ ಸಮೇತ ತುಂಬಲು ವ್ಯಕ್ತಿಯ ಕಿಟಕಿ, ಅದರ ಮೇಲೆ ಘಟನೆಯ ಕಿಟಕಿ, ಅದರ ಮೇಲೆ ಸೈಟೇಶನ್, ಅದರ ಮೇಲೆ ಸೋರ್ಸ್. ಆಮೇಲೆ ಒಂದೊಂದಕ್ಕೂ ಓಕೆ, ಓಕೆ, ಓಕೆ. ಕೀಬೋರ್ಡಿನಲ್ಲಿ ಇಂಗ್ಲಿಷ್-ಕನ್ನಡ ಅದಲುಬದಲು ಮಾಡುತ್ತಾ ಇದನ್ನೆಲ್ಲ ಮಾಡುವಾಗ ಬೆರಳಿಗೆ ಸುಸ್ತು. ಮೊಬೈಲಿನಲ್ಲಿ ಕೂತು ತುಂಬುವ ಹಾಗಿಲ್ಲ. ಇಬ್ಬರು ಒಟ್ಟಿಗೆ ಒಂದೇ ಮರದ ಮೇಲೆ ಕೆಲಸ ಮಾಡುವ ಹಾಗೂ ಇಲ್ಲ. ಅದಕ್ಕೆ ಗ್ರ್ಯಾಂಪ್ಸ್ ವೆಬ್ ಅಂತ ಬೇರೆ ಇದೆ, ಅದನ್ನು ಸರ್ವರಿನಲ್ಲಿ ಕೂರಿಸಬೇಕು. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ ಅವರ ಬೆನ್ನು ಹತ್ತಿ. ಇನ್ನು ಹೆಸರಿನ ಅಂಕಣಗಳು. ಎಲ್ಲರಿಗೂ ಮನೆತನದ ಹೆಸರು ಇದ್ದೇ ಇರುತ್ತದೆ ಅಂತ ಎಷ್ಟೋ ತಂತ್ರಾಂಶಗಳು ನಂಬಿವೆ. ಐಸ್‌ಲ್ಯಾಂಡಿನವರಿಗೆ ಹೆಚ್ಚಾಗಿ ಅದಿಲ್ಲ, ಅಪ್ಪನ ಹೆಸರೇ ಹಿಂದೆ ಬರುತ್ತದೆ. ಗ್ರ್ಯಾಂಪ್ಸ್ ಈ ವಿಷಯದಲ್ಲಿ ಉದಾರಿ. ಅಪ್ಪನ ಹೆಸರು ಅಂತ ಬೇರೆ ಗುರುತು ಹಾಕಬಹುದು, ಖಾಲಿಯೂ ಬಿಡಬಹುದು, ಅಡ್ಡಹೆಸರನ್ನೂ ಕರೆಯುವ ಹೆಸರನ್ನೂ ಸೇರಿಸಬಹುದು.

ಹೊರಗೆ ತೆಗೆಯುವ ಬಗೆಗಳು ಹಲವು. ಬೀಸಣಿಗೆಯ ಹಾಗೆ ಹರಡುವ ಚಿತ್ರ, ವಂಶಜರ ಪಟ್ಟಿ, ಪುಸ್ತಕ. ನಮ್ಮ ಮನೆಯಲ್ಲಿ ಗೆದ್ದದ್ದು ನ್ಯಾರೇಟೆಡ್ ವೆಬ್‌ಸೈಟ್ ಅನ್ನುವುದು. ಹೆಸರಿಗೆ ವೆಬ್‌ಸೈಟ್, ನಿಜಕ್ಕೆ ಒಂದು ಫೋಲ್ಡರ್. ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಇಂಟರ್ನೆಟ್ ಇಲ್ಲದೆಯೇ ಬ್ರೌಸರಿನಲ್ಲಿ ತೆರೆಯುತ್ತದೆ. ದೊಡ್ಡಮ್ಮ ಮೊಮ್ಮಗನ ಕೈಲಿ ಅದನ್ನು ಹಾಕಿಸಿಕೊಂಡು ಒಂದೊಂದೇ ಪುಟ ನೋಡಿದರು. ನೋಡಿ, ಫೋನ್ ಮಾಡಿ, ಮೂರು ಹೆಸರು ತಿದ್ದಿಸಿದರು.

ಬಾಳಿಕೆಯ ಬಗ್ಗೆ ನನಗೆ ಧೈರ್ಯ ಕೊಟ್ಟದ್ದು ಅದರ ಬ್ಯಾಕಪ್. ಅದೊಂದು ಅದುಮಿಟ್ಟ, ಒಳಗೆ ಸಾದಾ ಪಠ್ಯವೇ ಇರುವ ಎಕ್ಸ್‌ಎಂಎಲ್ ಕಡತ. ನಾಳೆ ಗ್ರ್ಯಾಂಪ್ಸ್ ನಿಂತೇ ಹೋದರೂ ಅದನ್ನು ಬಿಚ್ಚಿ ಯಾವುದೇ ಸಾದಾ ಪಠ್ಯ ಸಂಪಾದಕದಲ್ಲಿ ತೆರೆದರೆ ಅಜ್ಜಿಯ ಸಾಲುಗಳು ಕನ್ನಡದಲ್ಲೇ ಕಾಣುತ್ತವೆ. ಚಿತ್ರಗಳೂ ಸೇರಿ ಒಂದೇ ಗಂಟು ಬೇಕಾದರೆ ಗ್ರ್ಯಾಂಪ್ಸ್ ಪ್ಯಾಕೇಜ್ ಅಂತ ತೆಗೆಯಬಹುದು. ಬೇರೆ ತಂತ್ರಾಂಶಕ್ಕೆ ಸಾಗಿಸಲು ಗೆಡ್‌ಕಾಮ್ ಇದೆ. 1984ರಿಂದ ಇರುವ ಈ ನಮೂನೆಯನ್ನು ವಂಶಾವಳಿ ತಂತ್ರಾಂಶಗಳು ಹೆಚ್ಚುಕಮ್ಮಿ ಎಲ್ಲವೂ ಓದುತ್ತವೆ. ಆದರೆ ದಾಟುವಾಗ ಒಂದಿಷ್ಟು ಉದುರುತ್ತದೆ. ಹಾಗಾಗಿ ಬ್ಯಾಕಪ್ ಅಂದರೆ ಗೆಡ್‌ಕಾಮ್ ಅಂದುಕೊಳ್ಳಬೇಡಿ. ಒಟ್ಟು ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದಾದರೂ ಬೇರೆ ಮನೆಯಲ್ಲಿರಲಿ.

ಶುರುಮಾಡುವವರಿಗೆ ಒಂದು ಮಾತು. ಅಭ್ಯಾಸಕ್ಕೆ ಅಂತಲೇ ಒಂದು ಮಾದರಿ ಕುಟುಂಬದ ಕಡತ ಗ್ರ್ಯಾಂಪ್ಸ್ ಜೊತೆಗೇ ಬರುತ್ತದೆ. ಅದನ್ನು ತೆರೆದು ಒಂದು ಸಂಜೆ ಆಟವಾಡಿ, ಕೆಡಿಸಿದರೂ ನಷ್ಟವಿಲ್ಲ. ಆಮೇಲೆ ನಿಮ್ಮ ಸ್ವಂತದ್ದು ಶುರುಮಾಡುವಾಗ ಪೀಪಲ್ ತೆರೆಯಬೇಡಿ. ಮೊದಲು ಸೋರ್ಸಸ್ ತೆರೆದು, ಕೈಲಿರುವ ಒಂದು ನೋಟ್‌ಬುಕ್ಕಿಗೆ ಹೆಸರು ಕೊಟ್ಟು, ಅದರ ಮೊದಲ ಪುಟದಲ್ಲಿ ಬರುವವರನ್ನಷ್ಟೇ ಸೇರಿಸಿ. ಹೊಸ ದೊಡ್ಡ ಆವೃತ್ತಿ ಬಂದಾಗ ಹಳೆಯದರಲ್ಲಿ ಬ್ಯಾಕಪ್ ತೆಗೆದ ಮೇಲೆಯೇ ಹೊಸದನ್ನು ಹಾಕಿ. ಒಮ್ಮೆ ಹೊಸದಕ್ಕೆ ಬದಲಾದ ಮರ ಹಳೆಯದರಲ್ಲಿ ತೆರೆಯುವುದಿಲ್ಲ.